ನಿಮಗಿದು ಗೊತ್ತೇ? – ಹಿನ್ನೀರಿನ ದಡದಲ್ಲಿ ಟೆಂಟ್ ಹೂಡುವ ಮುನ್ನ

ನವರಾತ್ರಿ ಮುಗಿದು ಮಳೆ ಹಿಂದೆ ಸರಿದರೆ ಸಾಕು, ನಮ್ಮ ಜಲಾಶಯಗಳ ಹಿನ್ನೀರಿನ ಉದ್ದಕ್ಕೂ ಟೆಂಟುಗಳು ಏಳತೊಡಗುತ್ತವೆ. ಸಾಗರದ ಕಡೆ ಶರಾವತಿ, ಎಚ್.ಡಿ. ಕೋಟೆಯ ಕಡೆ ಕಬಿನಿ, ಲಕ್ಕವಳ್ಳಿಯಲ್ಲಿ ಭದ್ರಾ, ಜೋಯಿಡಾದಲ್ಲಿ ಕಾಳಿ. ಹೋದವರು ನೀರಿನ ಚೆಲುವನ್ನು ಕಣ್ತುಂಬಿಕೊಂಡು ಬರುತ್ತಾರೆ. ಆ ನೀರು ಎಲ್ಲಿಯವರೆಗೆ ಏರುತ್ತದೆ, ಯಾವಾಗ ಇಳಿಯುತ್ತದೆ, ಇಳಿದಾಗ ಏನೇನು ಮೇಲೆ ಬರುತ್ತದೆ ಎಂಬುದನ್ನೂ ತಿಳಿದು ಹೋದರೆ ಅಲ್ಲಿ ಕಳೆದ ರಾತ್ರಿಗೆ ಬೇರೆಯದೇ ತೂಕ ಬರುತ್ತದೆ. ಹಿನ್ನೀರಿನಲ್ಲಿ ಎಲ್ಲವೂ ನಿಂತಿರುವುದು ನೀರಿನ ಮಟ್ಟದ ಮೇಲೆ.

● ಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿಯಲ್ಲಿ ಶರಾವತಿಯ ಲಿಂಗನಮಕ್ಕಿಯ ಎದುರು 1,819 ಅಡಿ ಎಂದೂ ಕೆಆರ್‌ಎಸ್ ಎದುರು 124.80 ಅಡಿ ಎಂದೂ ಇರುತ್ತದೆ. ಹಾಗೆಂದು ಲಿಂಗನಮಕ್ಕಿ ಹದಿನೈದು ಪಟ್ಟು ಆಳವೆಂದು ತಿಳಿಯಬೇಡಿ. ಲಿಂಗನಮಕ್ಕಿ, ಕಬಿನಿಗಳ ಮಟ್ಟವನ್ನು ಸಮುದ್ರಮಟ್ಟದಿಂದ ಎಣಿಸುತ್ತಾರೆ. ಕೆಆರ್‌ಎಸ್, ಭದ್ರಾಗಳದ್ದನ್ನು ಅಣೆಕಟ್ಟೆಯ ಬುಡದ ಕಡೆಯಿಂದ. ಕಬಿನಿ ತುಂಬಿದರೆ 2,284 ಅಡಿ, ಭದ್ರಾ ತುಂಬಿದರೆ 186 ಅಡಿ. ಹೊರಡುವ ದಿನ ಬೆಳಗ್ಗೆ ಈ ಪಟ್ಟಿಯನ್ನು ನೋಡಿಯೇ ಹೊರಡಿ. ನೀವು ಮನಸ್ಸಿನಲ್ಲಿಟ್ಟುಕೊಂಡ ದಡ ಈಗ ನೀರಿನ ಮೇಲಿದೆಯೋ ಕೆಳಗಿದೆಯೋ ಎಂಬುದು ಅದರಿಂದಲೇ ಗೊತ್ತಾಗುತ್ತದೆ.

● ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಲೀಟರಿನ ಲೆಕ್ಕದಲ್ಲಿ ಸುಮಾರು 2,830 ಕೋಟಿ. ಲಿಂಗನಮಕ್ಕಿಯ ಸಾಮರ್ಥ್ಯ ಸುಮಾರು 151 ಟಿಎಂಸಿ, ಕೆಆರ್‌ಎಸ್‌ನದು, ಅಂದರೆ ಕನ್ನಂಬಾಡಿಯದು, 49ರ ಆಸುಪಾಸು. ಹೆಸರಿನಲ್ಲಿ ಕನ್ನಂಬಾಡಿ ದೊಡ್ಡದು. ನೀರಿನಲ್ಲಿ ಲಿಂಗನಮಕ್ಕಿ ಅದರ ಮೂರರಷ್ಟು.

● ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರಿಗೆ ತುಸು ಹೆಚ್ಚು. ಸುಮಾರು 11,574 ಕ್ಯುಸೆಕ್ ಒಳಹರಿವು ಒಂದು ಹಗಲು ಒಂದು ರಾತ್ರಿ ಬಿಡದೆ ಬಂದರೆ ಜಲಾಶಯಕ್ಕೆ ಒಂದು ಟಿಎಂಸಿ ಸೇರುತ್ತದೆ.

● ದಡದಲ್ಲಿ ಚುರುಗುಟ್ಟುವ ಬಿಸಿಲಿದ್ದರೂ ನೀರು ಏರಬಹುದು. ಬೀಚನಹಳ್ಳಿಯ ಕಬಿನಿ ಜಲಾಶಯವನ್ನು ತುಂಬಿಸುವುದು ಕೇರಳದ ವಯನಾಡಿನ ಮಳೆ. ಅಲ್ಲಿ ಸುರಿದದ್ದು ಇಲ್ಲಿಗೆ ಬಂದು ಮುಟ್ಟುವ ಹೊತ್ತಿಗೆ ನಮ್ಮ ತಲೆಯ ಮೇಲೆ ಒಂದು ಮೋಡವೂ ಇರಬೇಕೆಂದಿಲ್ಲ. ಆದ್ದರಿಂದ ಕೇಳಬೇಕಾದ್ದು ಇಲ್ಲಿಯ ಹವಾಮಾನವನ್ನಷ್ಟೇ ಅಲ್ಲ, ಒಳಹರಿವನ್ನು.

● ದಡದಲ್ಲಿ ಒಣಗಿದ ಕಡ್ಡಿ, ತರಗೆಲೆ, ಪ್ಲಾಸ್ಟಿಕ್ ಚೂರುಗಳು ಒಂದೇ ಸಾಲಿನಲ್ಲಿ ಬಿದ್ದಿರುವುದನ್ನು ಗಮನಿಸಿದ್ದೀರಾ? ನೀರು ಈಚೆಗೆ ಅಲ್ಲಿಯವರೆಗೆ ಬಂದಿತ್ತು ಎಂಬುದರ ಗುರುತು ಅದು. ಟೆಂಟ್ ಯಾವಾಗಲೂ ಆ ಸಾಲಿಗಿಂತ ಮೇಲೆ ಇರಬೇಕು. ಅಂಥ ಸಾಲುಗಳು ಮೂರು ನಾಲ್ಕಿದ್ದರೆ ಎಲ್ಲಕ್ಕಿಂತ ಮೇಲಿನದನ್ನು ಲೆಕ್ಕಕ್ಕೆ ಹಿಡಿಯಿರಿ.

● ಶರಾವತಿ ಹಿನ್ನೀರು ತುಂಬಿದಾಗ ಸುಮಾರು 300 ಚದರ ಕಿಲೋಮೀಟರಿನಷ್ಟು ಹರಡಿಕೊಳ್ಳುತ್ತದೆ. ಇಷ್ಟು ಅಗಲದ ನೀರಿನಿಂದ ದಿನಕ್ಕೆ ಬರೀ 5 ಮಿಲಿಮೀಟರ್ ಆವಿಯಾಯಿತು ಎಂದಿಟ್ಟುಕೊಳ್ಳಿ. ಅಷ್ಟಕ್ಕೇ 150 ಕೋಟಿ ಲೀಟರ್ ಗಾಳಿಗೆ ಹೋಗುತ್ತದೆ, ಯಾರೂ ಗೇಟು ಎತ್ತದೆ.

● ನೀರು ಇಳಿದ ಮೇಲೆ ಕಾಣುವ ಬಿರುಕುಬಿಟ್ಟ ನೆಲವನ್ನು ನಂಬಬೇಡಿ. ಮೇಲೆ ಒಣಗಿದ ಹೆಕ್ಕಳಿಕೆ, ಕೆಳಗೆ ಮೊಣಕಾಲು ಮುಳುಗುವ ಹೂಳು. ಕಾಲು ಸಿಕ್ಕಿಕೊಂಡರೆ ಜಗ್ಗಾಡಿದಷ್ಟೂ ಒಳಗೆ ಹೋಗುತ್ತದೆ. ಹಿಂದಕ್ಕೆ ಒರಗಿ ಮೈಭಾರವನ್ನು ಅಗಲಕ್ಕೆ ಹರಡಿ, ಒಂದೊಂದೇ ಕಾಲನ್ನು ನಿಧಾನವಾಗಿ ಬಿಡಿಸಿಕೊಳ್ಳಬೇಕು. ದನಕರು ನಡೆದ ಜಾಡು ಇದ್ದರೆ ಅದೇ ಒಳ್ಳೆಯ ದಾರಿ.

● ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಅದರ ನೀರಿನಡಿ ಇನ್ನೊಂದು ಅಣೆಕಟ್ಟೆಯೇ ಮುಳುಗಿದೆ! ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೊಡಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆ ಅದು. ಸ್ಥಳೀಯರ ಬಾಯಲ್ಲಿ ಮಡೆನೂರು ಡ್ಯಾಂ. ಆ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. ಹದಿನಾರೇ ವರ್ಷಕ್ಕೆ ದೊಡ್ಡ ಅಣೆಕಟ್ಟೆ ಬಂದು ಹಳೆಯದನ್ನು ನೀರಿನೊಳಗೆ ತೆಗೆದುಕೊಂಡಿತು. ಮಳೆ ಕೈಕೊಟ್ಟು ಹಿನ್ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಇಡಿಯಾಗಿ ಮೇಲೆ ಬರುತ್ತದೆ, ಗೋಡೆ, ಮೆಟ್ಟಿಲು, ಕೊಳವೆಗಳ ಸಮೇತ. ಇಷ್ಟು ವರ್ಷ ನೀರಿನಲ್ಲಿದ್ದರೂ ಕಲ್ಲುಗಳು ಜರುಗಿಲ್ಲ.

ಆ ಕೊಳವೆಗಳ ಮುಂದೆ ನಿಂತು ನೋಡುವುದು ಬಹಳ ಇದೆ. ಅವು ಸೈಫನ್‌ಗಳು. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ವಿಧಾನವಿದು: ನೀರು ಗರಿಷ್ಠ ಮಟ್ಟ ದಾಟಿದ ಕೂಡಲೇ ಕೊಳವೆಯೊಳಗೆ ಸುಳಿ ಎದ್ದು ಗಾಳಿಯನ್ನು ಹೊರಗೆಳೆಯುತ್ತದೆ, ನೀರು ತಾನಾಗಿ ಹೊರಗೆ ಹರಿಯತೊಡಗುತ್ತದೆ. ಮಟ್ಟ ಇಳಿದರೆ ತಾನೇ ನಿಲ್ಲುತ್ತದೆ. ಗೇಟಿಲ್ಲ, ಮೋಟಾರಿಲ್ಲ, ರಾತ್ರಿ ಕಾವಲಿರಬೇಕಾದ ಆಳಿಲ್ಲ. ಇಂಥ ಸೈಫನ್‌ಗಳನ್ನು ಕೆಲಸ ಮಾಡುವ ಸ್ಥಿತಿಯಲ್ಲೇ ನೋಡಬೇಕೆಂದರೆ ತುಮಕೂರು ಜಿಲ್ಲೆಯ ಮಾರ್ಕೋನಹಳ್ಳಿಗೆ, ಶಿಂಷಾ ತುಂಬಿದ ವರ್ಷ, ಹೋಗಬೇಕು.

● ಶರಾವತಿ ಹಿನ್ನೀರಿನಲ್ಲಿ ಇಂದು ನಡುಗಡ್ಡೆಗಳಾಗಿ ಕಾಣುವವೆಲ್ಲ ಒಂದು ಕಾಲದ ಗುಡ್ಡದ ನೆತ್ತಿಗಳು. ಅವುಗಳ ನಡುವಿನ ಕಣಿವೆಗಳಲ್ಲಿ ಅಡಿಕೆ ತೋಟ, ಗದ್ದೆ, ಮನೆ, ದೇವಸ್ಥಾನಗಳಿದ್ದವು. ಅಲ್ಲಿಂದ ಎದ್ದುಹೋದವರನ್ನು ಮಲೆನಾಡು ಇವತ್ತಿಗೂ ‘ಮುಳುಗಡೆ ಸಂತ್ರಸ್ತರು’ ಎಂದೇ ಕರೆಯುತ್ತದೆ. ಅವರಲ್ಲಿ ಅನೇಕ ಕುಟುಂಬಗಳಿಗೆ ಕೊಟ್ಟ ನೆಲದ ಹಕ್ಕುಪತ್ರದ ತಕರಾರು ಅರುವತ್ತು ವರ್ಷ ದಾಟಿದರೂ ತೀರಿಲ್ಲ. ನಾಡಿಗೆಲ್ಲ ದೀಪ ಹಚ್ಚಿದ ನೀರು ಇದು. ಇದರ ಮೇಲೆ ದೋಣಿ ಬಿಡುವವರು ಈ ಸಂಗತಿಯನ್ನು ತಿಳಿದಿರಲೇಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

● ಕಾದಂಬರಿಕಾರ ನಾ. ಡಿಸೋಜ ಶರಾವತಿ ಯೋಜನೆ ನಡೆಯುತ್ತಿದ್ದಾಗ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದರು. ಅಣೆಕಟ್ಟೆ ಏಳುವುದನ್ನೂ ಊರುಗಳು ಏಳುವುದನ್ನೂ ಹತ್ತಿರದಿಂದ ಕಂಡವರು. ‘ಮುಳುಗಡೆ’, ‘ದ್ವೀಪ’ ಹುಟ್ಟಿದ್ದು ಅಲ್ಲಿಂದಲೇ. ಮಕ್ಕಳಿಗಾಗಿ ಅವರು ಬರೆದ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಮಕ್ಕಳೊಂದಿಗೆ ಹಿನ್ನೀರಿಗೆ ಹೋಗುವವರು ಚೀಲದಲ್ಲಿ ಇಟ್ಟುಕೊಳ್ಳಬೇಕಾದ ಪುಸ್ತಕ.

● ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ನಟಿಸಿದವರೂ ನಿರ್ಮಿಸಿದವರೂ ಸೌಂದರ್ಯ. 49ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕಥಾಚಿತ್ರದ ಸ್ವರ್ಣಕಮಲ ಅದಕ್ಕೆ ಸಂದಿತು.

● ಶರಾವತಿ ಹಿನ್ನೀರಿನಾಚೆಯ ಸಿಗಂದೂರಿಗೆ ಹೋಗುವವರು ದಶಕಗಳ ಕಾಲ ಹೊಳೆಬಾಗಿಲಿನಲ್ಲಿ ಲಾಂಚ್‌ಗಾಗಿ ಸಾಲುಗಟ್ಟಿ ಕಾಯುತ್ತಿದ್ದರು. ಬಸ್ಸು, ಜೀಪು, ಮದುವೆ ದಿಬ್ಬಣ, ಹೆರಿಗೆಗೆ ಹೊರಟ ಹೆಂಗಸು, ಎಲ್ಲರಿಗೂ ಅದೇ ಲಾಂಚ್. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಉದ್ದ ಎರಡು ಕಿಲೋಮೀಟರಿಗೂ ಮಿಕ್ಕಿದ್ದು. ಸೇತುವೆ ಬರಲೆಂದು ತುಮರಿ ಭಾಗದ ಜನ ಎಷ್ಟು ಹೋರಾಡಿದರೆಂಬುದನ್ನು ಕೇಳಿದರೆ, ಲಾಂಚ್ ಪಯಣದ ಸೊಗಸು ಹೋಯಿತಲ್ಲ ಎಂದು ಯಾರೂ ಕೊರಗುವುದಿಲ್ಲ.

● ಬೇಸಿಗೆಯಲ್ಲಿ ನೀರು ಇಳಿದಾಗ ಇದೇ ಹಿನ್ನೀರಿನ ಹಸಿರುಮಕ್ಕಿಯ ಲಾಂಚ್‌ನಲ್ಲಿ ವಾಹನ ಸಾಗಿಸುವುದನ್ನು ನಿಲ್ಲಿಸಬೇಕಾದ ಸಂದರ್ಭಗಳು ಬರುತ್ತವೆ. ಆ ದಾರಿ ನಂಬಿ ಹೊರಡುವವರು ಮೊದಲೇ ವಿಚಾರಿಸಿಕೊಳ್ಳಿ.

● ಉತ್ತರ ಕನ್ನಡದ ಸೂಪಾ ಎಂಬ ಊರು ಈಗ ಇರುವುದು ಅಣೆಕಟ್ಟೆಯ ಹೆಸರಿನಲ್ಲಿ ಮಾತ್ರ. ಕಾಳಿ ನದಿಗೆ ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಕಟ್ಟೆ ಎದ್ದಾಗ ಊರು ನೀರಿನಡಿ ಸೇರಿತು. ಅನೇಕರು ರಾಮನಗರಕ್ಕೆ ಹೋಗಿ ನೆಲೆಸಿದರು.

● ದಾಂಡೇಲಿಯ ರಾಫ್ಟಿಂಗ್ ಬಗ್ಗೆ ಕೇಳದವರಿಲ್ಲ. ಆದರೆ ಅಲ್ಲಿ ನೊರೆಯೆಬ್ಬಿಸುವ ನೀರು ಸೂಪಾ ವಿದ್ಯುದಾಗಾರದಿಂದ ಬರುತ್ತದೆ ಎಂಬುದು ಗೊತ್ತೇ? ಟರ್ಬೈನ್ ತಿರುಗಿದರೆ ರಾಫ್ಟಿಂಗ್, ನಿಂತರೆ ಬರೀ ಬಂಡೆ. ಇದೇ ಕಾರಣಕ್ಕೆ ಅಣೆಕಟ್ಟೆಯ ಕೆಳಭಾಗದ ನದೀಪಾತ್ರದಲ್ಲಿ, ಅದು ಎಷ್ಟೇ ಬತ್ತಿ ಕಂಡರೂ, ಬಂಡೆಗಳ ನಡುವೆ ಮಲಗುವುದು, ಅಡುಗೆಗೆ ಕೂರುವುದು ಬೇಡ. ನೀರು ಬಿಡುವ ಹೊತ್ತು ಪ್ರವಾಸಿಗರ ಅನುಕೂಲ ನೋಡಿ ಗೊತ್ತಾಗುವುದಿಲ್ಲ.

● ಅಣೆಕಟ್ಟೆಯ ಗೇಟು ಕೂಡ ಒಂದು ಯಂತ್ರವೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿದ್ದ ಹೊತ್ತು ಅದು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ನೀರು ಉಳಿಸಿದವರ ಸಾಹಸವನ್ನು ನಾಡು ಮರೆಯಬಾರದು.

● ಕೆಆರ್‌ಎಸ್‌ನಲ್ಲಿ ಮುಳುಗಿದ್ದ ಹೊಯ್ಸಳ ಶೈಲಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ, ಹಿನ್ನೀರಿನ ಅಂಚಿನಲ್ಲೇ, ಮತ್ತೆ ಕಟ್ಟಲಾಗಿದೆ.

● ಹಾಸನದ ಶೆಟ್ಟಿಹಳ್ಳಿಯಲ್ಲಿರುವ 19ನೇ ಶತಮಾನದ ರೋಸರಿ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುತ್ತದೆ, ಬೇಸಿಗೆಗೆ ಏಳುತ್ತದೆ. ವರ್ಷ ವರ್ಷವೂ ನೆನೆದು ಒಣಗಿ ಗೋಡೆ ಶಿಥಿಲವಾಗಿದೆ. ಅದರ ಬುಡದಲ್ಲಿ ಟೆಂಟ್ ಹೂಡಬೇಡಿ, ಫೋಟೊಗಾಗಿ ಗೋಡೆ ಹತ್ತಲೇಬೇಡಿ.

● ಕಬಿನಿ ಹಿನ್ನೀರಿನಲ್ಲಿ ಒಣಗಿ ನಿಂತ ಮರದ ಬೊಡ್ಡೆಗಳನ್ನು ನೋಡಿದವರು ಕೇಳುವ ಪ್ರಶ್ನೆ: ಅಣೆಕಟ್ಟೆ ಆದದ್ದು 1974ರಲ್ಲಿ, ಇವು ಇನ್ನೂ ಹೇಗೆ ಉಳಿದಿವೆ? ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಆಮ್ಲಜನಕ ಬೇಕು. ನೀರಿನೊಳಗೆ ಮುಳುಗಿದ ಭಾಗಕ್ಕೆ ಅದು ಸಾಕಷ್ಟು ಸಿಗುವುದಿಲ್ಲ. ಹೀಗಾಗಿ ಕಾಂಡ ದಶಕಗಟ್ಟಲೆ ನಿಲ್ಲುತ್ತದೆ. ದೋಣಿಯವರಿಗೆ ಇದೇ ದೊಡ್ಡ ಭಯ: ನೀರಿನ ಮೇಲ್ಮೈಗೆ ಒಂದೇ ಅಡಿ ಕೆಳಗಿರುವ ಬೊಡ್ಡೆ ಕಣ್ಣಿಗೆ ಬೀಳುವುದಿಲ್ಲ. ಗೊತ್ತಿಲ್ಲದ ಹಿನ್ನೀರಿಗೆ ಮೇಲಿನಿಂದ ಧುಮುಕಬಾರದು ಎನ್ನುವುದಕ್ಕೂ ಇದೇ ಕಾರಣ. ಹಳೆಯ ಬಾವಿ, ಬೇಲಿಯ ಕಲ್ಲು, ಮನೆಯ ಪಂಚಾಂಗ ಎಲ್ಲವೂ ಕೆಳಗಿರುತ್ತವೆ.

● ಮುಳುಗಿದ ಸಸ್ಯಗಳು ಆಮ್ಲಜನಕವಿಲ್ಲದೆ ಕೊಳೆಯುವಾಗ ಮೀಥೇನ್ ಹುಟ್ಟುತ್ತದೆ. ನಿಂತ ನೀರಿನಲ್ಲಿ ತಾವಾಗಿ ಏಳುವ ಗುಳ್ಳೆಗಳೆಲ್ಲ ಮೀನಿನವಲ್ಲ.

● ಹಗ್ಗ ಬಿಗಿದು ಡೇರೆ ಹೊಡೆಯುವ ವಿದ್ಯೆಯನ್ನು ಶಾಲೆಯ ಮಕ್ಕಳಿಗೆ ಕಲಿಸಿದ್ದು ಸ್ಕೌಟ್ ಚಳವಳಿ. ಬೇಡನ್ ಪೊವೆಲ್ ತಮ್ಮ ಮೊದಲ ಶಿಬಿರವನ್ನು 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ನಡುಗಡ್ಡೆಯಲ್ಲಿ ನಡೆಸಿದರು. ಎರಡೇ ವರ್ಷದಲ್ಲಿ, 1909ರಲ್ಲಿ, ಕ್ಯಾಪ್ಟನ್ ಟಿ.ಎಚ್. ಬೇಕರ್ ಭಾರತದ ಮೊದಲ ಸ್ಕೌಟ್ ದಳವನ್ನು ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ.

● ಸಾಗರ–ಜೋಗ ದಾರಿಯಿಂದ ಒಳಕ್ಕೆ ಹೊರಳಿದರೆ ಸಿಗುವ ಹೊನ್ನೆಮರಡು ಹಿನ್ನೀರಿನ ಸಾಹಸ ಶಿಬಿರಗಳಿಗೆ ಹೆಸರುವಾಸಿ. ತರಬೇತುದಾರರ ಜೊತೆ ಹರಿಗೋಲು, ಕಯಾಕ್ ನಡೆಸಿ ನಡುಗಡ್ಡೆಗೆ ಹೋಗಿ ತಂಗುವ ರೂಢಿ ಅಲ್ಲಿಯದು. ಜೋಗದ ಹತ್ತಿರ ತಲಕಳಲೆ ಜಲಾಶಯದ ದಡದಲ್ಲಿ ಜಂಗಲ್ ಲಾಡ್ಜಸ್‌ನ ಶರಾವತಿ ಅಡ್ವೆಂಚರ್ ಕ್ಯಾಂಪ್ ಇದೆ, ಮುಪ್ಪಾನೆಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ಹೊಸದಾಗಿ ಕಲಿಯುವವರಿಗೆ ನನ್ನ ಸಲಹೆ ಇಂಥ ಕಡೆಯಿಂದಲೇ ಶುರು ಮಾಡಿ ಎಂಬುದು.

● ಹರಿಗೋಲು ಏಕೆ ತಿರುಗುತ್ತದೆ? ಅದಕ್ಕೆ ಮುಂದು ಹಿಂದು ಎಂಬುದಿಲ್ಲ, ಅಡಿಯಲ್ಲಿ ನೇರ ಹಿಡಿದಿಡುವ ಏಣೂ ಇಲ್ಲ. ಒಂದು ಬದಿಗೆ ಹುಟ್ಟು ಹಾಕಿದರೆ ಇಡೀ ಹರಿಗೋಲು ಎದುರು ಬದಿಗೆ ಸುತ್ತುತ್ತದೆ. ನುರಿತ ಅಂಬಿಗ ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ಕೂತು, ಮುಂದಿನ ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತಾ ಸಾಗುತ್ತಾನೆ. ನೋಡಲು ಸರಳ, ಕೈಗೆ ಹತ್ತಲು ಸಮಯ ಬೇಕು.

ಈ ದೋಣಿಯ ವಯಸ್ಸು ಎಷ್ಟೆಂದು ಯಾರೂ ಎಣಿಸಿಲ್ಲ. ಆದರೆ ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ತುಂಗಭದ್ರೆಯಲ್ಲಿ ಇದನ್ನು ಕಂಡು ಬರೆದಿಟ್ಟಿದ್ದಾನೆ. ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನರನ್ನು ಹೊರುವ ಶಕ್ತಿ, ಸುತ್ತುತ್ತಲೇ ಸಾಗುವ ಚಾಳಿ. ಐದು ಶತಮಾನವಾದರೂ ಬದಲಾದದ್ದು ಹೆಚ್ಚೂಕಡಿಮೆ ಹೊದಿಕೆ ಮಾತ್ರ: ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಟಾರು ಬಂದಿವೆ.

● ದೊಡ್ಡ ಹಿನ್ನೀರಿನಲ್ಲಿ ಗಾಳಿ ಎಷ್ಟು ದೂರ ಅಡ್ಡಿಯಿಲ್ಲದೆ ಬೀಸುತ್ತದೋ ಅಲೆ ಅಷ್ಟು ದೊಡ್ಡದಾಗುತ್ತದೆ. ಬೆಳಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನದ ಗಾಳಿಗೆ ಸಣ್ಣ ದೋಣಿಯನ್ನು ಮಗುಚುವಷ್ಟು ಏಳಬಲ್ಲದು. ದೋಣಿಯ ಆಟ ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳಿ.

● ಮುಳುಗುತ್ತಿರುವವರು ಕೈ ಬೀಸಿ ಕೂಗುತ್ತಾರೆ ಎಂಬುದು ಸಿನಿಮಾದ ನಂಬಿಕೆ. ನಿಜದಲ್ಲಿ ಹಾಗಾಗುವುದು ಅಪರೂಪ. ಬಾಯಿ ನೀರಿನ ಮಟ್ಟದಲ್ಲಿ ಏರಿಳಿಯುತ್ತಿರುವಾಗ ಉಸಿರು ಎಳೆದುಕೊಳ್ಳುವುದೇ ಕಷ್ಟ, ಕೂಗಲು ಉಸಿರೆಲ್ಲಿ? ಕೈಗಳು ತಾವಾಗಿ ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತವೆ. ದಡದಲ್ಲಿರುವವರಿಗೆ ಆಡುತ್ತಿರುವಂತೆಯೇ ಕಾಣುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ ಎನ್ನುತ್ತವೆ ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಅಂಕಿಅಂಶಗಳು. ಸದ್ದಿಲ್ಲದೆ ಸುಮ್ಮನಾದ ಮಗುವಿನ ಕಡೆ ಮೊದಲು ನೋಡಿ. ಕಾಪಾಡಲು ನೀರಿಗೆ ಹಾರಬೇಡಿ. ಹಗ್ಗ, ಪಂಚೆ, ಖಾಲಿ ಕ್ಯಾನು, ಉದ್ದನೆಯ ಕೋಲು – ಸಿಕ್ಕಿದ್ದನ್ನು ಎಸೆಯಿರಿ, ಚಾಚಿ.

● ನೀರು ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಕಸಿಯುತ್ತದೆ. ಆಳದ ಜಲಾಶಯದಲ್ಲಿ ಮೇಲಿನ ಪದರ ಬೆಚ್ಚಗಿದ್ದರೂ ಕೆಲವು ಮೀಟರ್ ಕೆಳಗೆ ನೀರು ಕೊರೆಯುತ್ತಿರಬಹುದು.

● ಟೆಂಟಿಗೆ ತಗ್ಗಿನ ಜಾಗ ಬೆಚ್ಚಗಿರುತ್ತದೆಂದು ಹಲವರ ಎಣಿಕೆ. ತಂಪು ಗಾಳಿ ಭಾರ; ಅದು ಇರುಳಿನಲ್ಲಿ ಇಳಿಜಾರಿನಿಂದ ಇಳಿದು ತಗ್ಗಿನಲ್ಲೇ ಮಡುಗಟ್ಟುತ್ತದೆ. ದಡದಿಂದ ತುಸು ಏರಿದರೆ ಚಳಿಯೂ ಕಡಿಮೆ, ಟೆಂಟಿನ ಒಳಗೋಡೆಯಲ್ಲಿ ಕೂರುವ ಹನಿಯೂ ಕಡಿಮೆ.

● ಹೊಳೆಯಿಂದ ತೆಗೆದ ಕಲ್ಲುಗಳಿಂದ ಒಲೆ ಹೂಡಬೇಡಿ. ಕಲ್ಲಿನ ಬಿರುಕಿನಲ್ಲಿ ನಿಂತ ನೀರು ಕಾದು ಆವಿಯಾದರೆ ಕಲ್ಲು ಸಿಡಿಯುತ್ತದೆ.

● ಭದ್ರಾ ಜಲಾಶಯದ ನೀರು ಜನವರಿಯಿಂದ ಇಳಿಯತೊಡಗಿ ನಡುಗಡ್ಡೆಗಳು ಮೇಲೆದ್ದ ಮೇಲೆ ಅಲ್ಲಿ ರಿವರ್ ಟರ್ನ್ ಹಕ್ಕಿಗಳ ಸಂತತಿ ಶುರುವಾಗುತ್ತದೆ. ಸಾವಿರಾರು ಹಕ್ಕಿಗಳು. ಹಳದಿ ಕೊಕ್ಕು, ಕಪ್ಪು ಟೋಪಿ, ಕತ್ತರಿ ಬಾಲ. ಗೂಡೆಂದರೆ ಬರಿಯ ನೆಲದಲ್ಲಿ ಒಂದು ಸಣ್ಣ ಕೆರೆದ ಕುಳಿ. ಎರಡು ಮೂರು ಮೊಟ್ಟೆ, ಬೆಣಚುಕಲ್ಲಿನ ಬಣ್ಣದವು; ಪಕ್ಕದಲ್ಲೇ ನಿಂತರೂ ಕಾಣುವುದಿಲ್ಲ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಈ ಹಕ್ಕಿ ಈಗ ಅಪಾಯಕ್ಕೀಡಾಗಬಲ್ಲ ಪ್ರಭೇದ.

ಬೇಸಿಗೆಯ ನೆತ್ತಿ ಸುಡುವ ಹೊತ್ತಿನಲ್ಲಿ ತಾಯಿತಂದೆ ಹಕ್ಕಿಗಳು ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತವೆ. ಇಲ್ಲಿ ಕಾವು ಕೊಡುವುದಕ್ಕಿಂತ ತಂಪು ಕೊಡುವುದೇ ದೊಡ್ಡ ಕೆಲಸ. ಯಾರೋ ಫೋಟೊಗೆಂದು ನಡುಗಡ್ಡೆಗೆ ಇಳಿದು ಹಕ್ಕಿಗಳನ್ನು ಎಬ್ಬಿಸಿದರೆ, ಆ ಸ್ವಲ್ಪ ಹೊತ್ತಿನಲ್ಲೇ ಮೊಟ್ಟೆ ಬೆಂದುಹೋಗಬಹುದು. ಅಕಾಲಿಕ ಮಳೆಗೆ ಮಟ್ಟ ದಿಢೀರನೆ ಏರಿದರೆ ಇಡೀ ಸಂಸಾರವೇ ನೀರುಪಾಲು. ನಾವು ಏನೂ ಮಾಡಲಾಗದ್ದು ಎರಡನೆಯದು. ಮೊದಲನೆಯದು ಪೂರ್ತಿ ನಮ್ಮ ಕೈಯಲ್ಲಿದೆ: ದೋಣಿಯಿಂದ ಇಳಿಯಬೇಡಿ, ಹತ್ತಿರಕ್ಕೆ ಹೋಗೆಂದು ಚಾಲಕನನ್ನು ಒತ್ತಾಯಿಸಬೇಡಿ.

● ಕಬಿನಿಯಲ್ಲಿ ಫೆಬ್ರವರಿಯಿಂದ ಮೇ ತನಕ, ಕಾಡಿನೊಳಗಿನ ಕೆರೆಗಳು ಬತ್ತಿದ ಮೇಲೆ, ನಾಗರಹೊಳೆ, ಬಂಡೀಪುರ, ವಯನಾಡಿನ ಆನೆಗಳು ಹಿನ್ನೀರಿನ ಕಡೆಗೆ ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ನೆರೆಯುವ ಜಾಗಗಳು ಬಹಳ ಇಲ್ಲ. ನೀರಿಗೆ ಮಾತ್ರವಲ್ಲ, ನೀರು ಇಳಿದ ನೆಲದಲ್ಲಿ ಚಿಗುರುವ ಎಳೆಹುಲ್ಲಿಗೂ ಅವು ಬರುತ್ತವೆ. ಒಂದು ದೊಡ್ಡ ಆನೆ ದಿನಕ್ಕೆ 100ರಿಂದ 200 ಲೀಟರ್ ನೀರು ಕುಡಿಯುತ್ತದೆ. ಸೊಂಡಿಲನ್ನು ಮೇಲೆತ್ತಿ ಉಸಿರಾಡುತ್ತಾ ಹಿನ್ನೀರನ್ನು ಈಜಿ ದಾಟುವುದೂ ಉಂಟು.

● ಕಬಿನಿ ದಡದ ಕಾಕನಕೋಟೆಯ ಸೀಮೆಯಲ್ಲೇ ಮೈಸೂರು ಅರಸರ ಕಾಲದಿಂದ ಕಾಡಾನೆ ಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ಕಟ್ಟಕಡೆಯದು 1971ರಲ್ಲಿ. ಮೂರು ವರ್ಷದಲ್ಲಿ ಅಣೆಕಟ್ಟೆ ಮುಗಿದು ಖೆಡ್ಡಾ ನಡೆಯುತ್ತಿದ್ದ ನೆಲ ಹಿನ್ನೀರಿನೊಳಗೆ ಸೇರಿಹೋಯಿತು.

● ಇದೇ ಕಬಿನಿ ದಡದ ಕಾರಾಪುರದ ಮಾವುತನ ಮಗ ಸಾಬು ಹಾಲಿವುಡ್ ತಾರೆಯಾದ. 1937ರ ‘ಎಲಿಫೆಂಟ್ ಬಾಯ್’ ಅವನ ಮೊದಲ ಚಿತ್ರ.

● ತುಂಗಭದ್ರಾ ಅಣೆಕಟ್ಟೆಯಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ನದಿ ನೀರುನಾಯಿಗಳ ಸಂರಕ್ಷಿತ ಪ್ರದೇಶ. 2015ರಲ್ಲಿ ಘೋಷಣೆಯಾಯಿತು. ನೀರುನಾಯಿಗಾಗಿಯೇ ದೇಶದಲ್ಲಿ ಆದ ಮೊದಲ ಮೀಸಲು ಇದು.

● ಲಿಂಗನಮಕ್ಕಿಯ ಆಸುಪಾಸಿನ ಕಾಡು ಸಿಂಗಳೀಕಗಳ ಮನೆ. ಶರಾವತಿ ಕಣಿವೆ ಅಭಯಾರಣ್ಯವನ್ನು 2019ರಲ್ಲಿ ಹಿಗ್ಗಿಸಿ ಸಿಂಗಳೀಕ ಅಭಯಾರಣ್ಯವೆಂದು ಹೆಸರಿಸಲಾಯಿತು. ವಿಸ್ತೀರ್ಣ ಸುಮಾರು 930 ಚದರ ಕಿಲೋಮೀಟರ್. ಹಿನ್ನೀರಿನ ಎಷ್ಟೋ ಚೆಂದದ ದಡಗಳು ಇದರೊಳಗೆ ಬರುತ್ತವೆ. ಅಲ್ಲಿ ಅನುಮತಿಯಿಲ್ಲದೆ ತಂಗುವುದು, ಬೆಂಕಿ ಹಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

● ಟೆಂಟಿನ ಕಾಲ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದರಿಂದ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಇದು ಕ್ಯಾಸನೂರು ಕಾಡಿನ ಜ್ವರ. ಹರಡುವುದು ಉಣುಗುಗಳಿಂದ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ತರಗೆಲೆ ಒಣಗಿದ ಕಾಲದಲ್ಲಿ, ಮರಿ ಉಣುಗುಗಳ ಕಾಟ ಹೆಚ್ಚು. ಅವು ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣವು. ಮಲೆನಾಡಿನ ಊರಿನವರು ಕಾಡಿಗೆ ಹೋಗುವಾಗ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳುತ್ತಾರೆ. ನೀವೂ ಉದ್ದ ತೋಳಿನ ಅಂಗಿ ತೊಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ತರಗೆಲೆಯ ಮೇಲೆ ನೇರವಾಗಿ ಕೂರಬೇಡಿ, ಮರಳಿದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಎಲ್ಲಿಯಾದರೂ ಮಂಗ ಸತ್ತದ್ದು ಕೇಳಿದರೆ ಆ ಕಡೆ ಸುಳಿಯಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿನಿಂದ ಬಂದ ಕೆಲ ದಿನಕ್ಕೆ ಜೋರು ಜ್ವರ, ಮೈಕೈ ನೋವು ಬಂದರೆ ಎಲ್ಲಿಗೆ ಹೋಗಿದ್ದೆ ಎಂಬುದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

● ಇಂಬಳದ ಕಾಟ ಮಳೆಗಾಲಕ್ಕೆ. ಅದು ರಕ್ತ ಹೀರುತ್ತದೆ, ಉಣುಗಿನ ಹಾಗೆ ಮಂಗನ ಕಾಯಿಲೆ ತರುವುದಿಲ್ಲ.

● ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಸರ್ಕಾರಕ್ಕೆ ಕಡ್ಡಾಯವಾಗಿ ವರದಿಯಾಗಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಕಡಿದ ಜಾಗ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕೈಕಾಲು ಅಲ್ಲಾಡದಂತೆ ಇರಿಸಿ 108ಕ್ಕೆ ಕರೆ ಮಾಡಿ. ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದನ್ನು ಬೆಳಕಿರುವಾಗಲೇ ನೋಡಿಟ್ಟುಕೊಳ್ಳಿ.

● ತಿಳಿಯಾದ ನೀರೆಲ್ಲ ಶುದ್ಧವಲ್ಲ. ಕುಡಿಯುವ ನೀರು ಕನಿಷ್ಠ ಒಂದು ನಿಮಿಷ ಕೊತಕೊತ ಕುದಿಯಲಿ. ಆದರೆ ಮೇಲೆ ಹಸಿರು ಕೆನೆ ಕಟ್ಟಿದ್ದರೆ ಕುದಿಸಿಯೂ ಬಳಸಬೇಡಿ; ಪಾಚಿಯಂಥ ಸೈನೋಬ್ಯಾಕ್ಟೀರಿಯಾದ ವಿಷ ಕುದಿತಕ್ಕೆ ಹೋಗುವುದಿಲ್ಲ.

● ಶೌಚಕ್ಕೆ ನೀರಿನಿಂದ ಕನಿಷ್ಠ 60 ಮೀಟರ್ ದೂರ, ಗೇಣು ಆಳದ ಗುಂಡಿ. ಸೋಪು, ಶಾಂಪೂ, ಪಾತ್ರೆ ತೊಳೆಯುವುದಕ್ಕೂ ಅಷ್ಟೇ ದೂರ. ಈ ನೀರನ್ನು ಕೆಳಗಿನ ಊರುಗಳು ಕುಡಿಯುತ್ತವೆ.

● ಇರುಳಿನಲ್ಲಿ ನೀರಿನ ಮೇಲೆ ದನಿ ಬಲು ದೂರ ಹೋಗುತ್ತದೆ. ನೀರಿಗೆ ತಾಗಿದ ಗಾಳಿ ತಂಪಾಗಿ, ಮೇಲಿನದು ಬೆಚ್ಚಗಿದ್ದರೆ ಶಬ್ದದ ಅಲೆಗಳು ಮೇಲೇರದೆ ಕೆಳಕ್ಕೆ ಬಾಗುತ್ತವೆ. ನೀವು ಹಾಕಿದ ಸ್ಪೀಕರಿನ ಹಾಡು ಎದುರು ದಡದ ಮನೆಗೂ ಕಾಡಿಗೂ ಹೋಗಿ ಮುಟ್ಟುತ್ತದೆ. ದಯವಿಟ್ಟು ಸ್ಪೀಕರ್ ತರಬೇಡಿ.

● ಮೇ ಕೊನೆ, ಜೂನ್ ಮೊದಲಲ್ಲಿ, ಮುಂಗಾರಿಗೆ ಮುಂಚಿನ ಮಳೆ ಬಿದ್ದಾಗ ಮಲೆನಾಡಿನ ಮರಗಳಲ್ಲಿ ಮಿಂಚುಹುಳಗಳು ಕೂಡುತ್ತವೆ. ಆ ಬೆಳಕು ಗಂಡು ಹೆಣ್ಣಿಗೆ ಕೊಡುವ ಸಂಕೇತ. ಟಾರ್ಚು ಬೀರಿದರೆ ಸಂಕೇತ ಕಲಸಿಹೋಗುತ್ತದೆ.

● ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ ಶುರು.

● ಸಾಗರ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಅಲ್ಲಿ ಧ್ರುವನಕ್ಷತ್ರ ದಿಗಂತದಿಂದ ಸುಮಾರು 14 ಡಿಗ್ರಿ ಎತ್ತರದಲ್ಲೇ ಕಾಣುತ್ತದೆ. ಎದುರಿಗೆ ಗುಡ್ಡವಿದ್ದರೆ ಮರೆಯಾಗಿಬಿಡುತ್ತದೆ. ಬದಲಿಗೆ ಉತ್ತರ ದೇಶದವರಿಗೆ ಸಿಗದ ಭಾಗ್ಯವೊಂದು ನಮಗಿದೆ: ಚಳಿಗಾಲದ ರಾತ್ರಿ ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರ ಝಗಝಗಿಸುತ್ತದೆ, ಮೇ ತಿಂಗಳ ರಾತ್ರಿ ದಕ್ಷಿಣ ದಿಗಂತದ ಹತ್ತಿರ ಶಿಲುಬೆಯಾಕಾರದ ತ್ರಿಶಂಕು ನಕ್ಷತ್ರಪುಂಜ ಏಳುತ್ತದೆ. ಹಿನ್ನೀರಿನ ಉತ್ತರ ದಡದಲ್ಲಿ ಟೆಂಟ್ ಹೂಡಿದರೆ ಎದುರಿಗೆ ಬಯಲಾದ ನೀರು. ತೆಂಕಣ ಆಕಾಶ ಅಡ್ಡಿಯಿಲ್ಲದೆ ಸಿಗುತ್ತದೆ. ಡಿಸೆಂಬರ್ 13–14ರ ರಾತ್ರಿ ಮಿಥುನ ರಾಶಿಯ ಕಡೆಯಿಂದ ಬೀಳುವ ಉಲ್ಕೆಗಳಿಗೆ ಇದಕ್ಕಿಂತ ಒಳ್ಳೆಯ ಅಂಗಳ ಇನ್ನೆಲ್ಲಿ?

● ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲಿದೆ. ನೀರಿನಿಂದ ಎದ್ದು ಬನ್ನಿ. ಟೆಂಟ್ ರಕ್ಷಣೆ ಕೊಡುವುದಿಲ್ಲ, ಒಂಟಿ ಮರವಂತೂ ಬೇಡವೇ ಬೇಡ. ಕಿಟಕಿ ಏರಿಸಿದ ಕಾರು ಕೊಡುತ್ತದೆ. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಅಲ್ಲೇ ಇರಿ.

● ಅಣೆಕಟ್ಟೆಗಳೆಲ್ಲ ವರ್ಷ ವರ್ಷ ತುಂಬುತ್ತವೆ ಎಂದುಕೊಂಡಿದ್ದೀರಾ? ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ಜನರ ಮಾತಿನ ಮಾರಿಕಣಿವೆ, 1907ರಲ್ಲಿ ಮುಗಿದದ್ದು. ಅದು 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. ನಡುವಿನ ತಲೆಮಾರುಗಳು ಹಿನ್ನೀರಿನ ಅಂಚನ್ನು ಬರೀ ಒಣನೆಲವೆಂದೇ ಕಂಡಿದ್ದವು. ಆ ವರ್ಷ ಹೊಸದುರ್ಗದ ಕಡೆಯ ಹೊಲ, ತೋಟಗಳಿಗೆ ನೀರು ನುಗ್ಗಿತು. ಮೂರನೆಯ ಸಲ ಕೋಡಿ ಹರಿಯಲು ಅಷ್ಟು ಕಾಯಬೇಕಾಗಲಿಲ್ಲ: 2025ರ ಜನವರಿಯಲ್ಲೇ ಹರಿಯಿತು.